ಎಚ್ಚರಿಕೆ ಚೀಟಿ ಕೊಟ್ಟಮೇಲಿನ ಹದಿನೇಳು ನಿಮಿಷ

ವೇದಿಕೆ ಮೇಲಿರೋ ಪಾದ್ರಿ ಗ್ರೀರ್ ಅವರೇ, ಸರ್ಕಾರದ ಸಂಬಳದಲ್ಲೇ ಮೂವತ್ತು ವರ್ಷ ಕಾಸಿಲ್ಲದ ಆರೋಪಿಗಳ ಪರ ವಾದಿಸಿ ಇವತ್ತು ನಿವೃತ್ತರಾಗ್ತಿರೋ ವಕೀಲೆ ಮಿಸ್ ವರ್ನಾ ಅವರೇ, ಹುರಿದ ಮೀನಿನ ವಾಸನೆಗೆ ಆಗಲೇ ಹಿಂದೆ ತಿರುಗ್ತಿರೋ ಸಭಿಕರೇ,

ನಾನು ಲವೆಲ್ ಪ್ರೂಯಿಟ್. ನಮ್ಮ ಮೇಕನ್ ಊರಿನ ಮಕ್ಕಳ ಶಾಲೆ ಬಸ್ ಓಡಿಸ್ತೀನಿ. ಈಗಲೂ ಓಡಿಸ್ತಿದೀನಿ ಅಂದ್ರೆ ಅದಕ್ಕೆ ಕಾರಣ ಇವರು.

ಆರು ವರ್ಷದ ಹಿಂದೆ ನನ್ನ ಕಾರಿನ ಹಿಂದಿನ ದೀಪ ಒಂದು ಉರೀತಿರಲಿಲ್ಲ. ಪೊಲೀಸಪ್ಪ ನಿಲ್ಲಿಸಿದ. ಪೊಲೀಸು ನಿಲ್ಲಿಸಿದ್ರೆ ಏನು ಮಾಡಬೇಕು ಅಂತ ನಮ್ಮಪ್ಪ ಕಲಿಸಿದ್ದೇನು? ಎರಡೂ ಕೈ ಸ್ಟೀರಿಂಗ್ ಮೇಲೆ, ಬಾಯಲ್ಲಿ "ಹೌದು ಸರ್". ಹಾಗೇ ಮಾಡಿದೆ. ಎಚ್ಚರಿಕೆ ಚೀಟಿ ಕೊಟ್ಟ, ಲೈಸೆನ್ಸೂ ವಾಪಸ್ ಕೊಟ್ಟ. ಆಮೇಲೆ, "ಸ್ವಲ್ಪ ಇರು, ಡ್ರಗ್ಸ್ ಮೂಸೋ ನಾಯಿ ಬರ್ತಿದೆ" ಅಂದ. "ಹೌದು ಸರ್" ಅಂತ ಕೂತೆ. ಯಾಕೆ ಕೂತೆ? ಗಾಡಿ ಎತ್ಕೊಂಡು ಹೋಗ್ತಿದ್ದೆ ಅನ್ನೋರು ಕೈ ಎತ್ತಿ, ನೋಡೋಣ. ಹಾಂ, ಒಬ್ಬರೂ ಎತ್ತಲ್ಲ, ಗೊತ್ತಿತ್ತು.

ನಾಯಿ ಬಂತು. ಏನು ಮೂಸಿತೋ ಅದಕ್ಕೇ ಗೊತ್ತು, ಬಾಗಿಲ ಹತ್ತಿರ ಕೂತುಬಿಡ್ತು. ಅದು ಕೂತ್ರೆ ಒಳಗೆ ಏನೋ ಇದೆ ಅಂತ ಅರ್ಥವಂತೆ. ಕಾರೆಲ್ಲ ಕೆದಕಿದ್ರು. ಸೀಟಿನ ಕೆಳಗೆ ಕಾಗದದಲ್ಲಿ ಸುತ್ತಿದ ಆರು ಮಾತ್ರೆ. ನಮ್ಮಮ್ಮಂದು, ಸೊಂಟನೋವಿಗೆ. ಡಬ್ಬಿ ಮುಚ್ಚಳ ತಿರುಗಿಸೋಕೆ ಅವಳ ಬೆರಳಿಗೆ ಆಗಲ್ಲ, ಅದಕ್ಕೆ ಬಿಡಿಯಾಗಿ ಸುತ್ತಿಟ್ಕೊಳ್ತಾಳೆ, ಅದೇ ಕಾರಲ್ಲಿ ಬಿದ್ದಿತ್ತು. ಹೆಸರಿರೋ ಡಬ್ಬಿ ಇಲ್ಲದೆ ಅಂಥ ನೋವಿನ ಮಾತ್ರೆ ಇಟ್ಕೊಳ್ಳೋದು ಅಪರಾಧ, ನನ್ನ ಮೇಲೆ ಕೇಸು ಹಾಕಿದ್ರು.

ತಪ್ಪು ಒಪ್ಪಿಕೊಂಡು ಸಹಿ ಹಾಕಿದ್ರೆ ಜೈಲಿಲ್ಲ ಅಂದ್ರು ಸರ್ಕಾರದ ಕಡೆಯವರು. ಆದ್ರೆ ಬಸ್ ಓಡಿಸೋ ಕೆಲಸಾನೂ ಇಲ್ಲ. ಒಪ್ಪಿಕೊಳ್ತೀನಿ ಅಂದೆ. "ಎಲ್ಲಾ ನಿನ್ನಿಂದಾನೇ" ಅಂತ ಅಮ್ಮನ ಮೇಲೆ ಕೂಗಾಡಿ, ಒಂದು ತಿಂಗಳು ಫೋನೂ ಮಾಡಲಿಲ್ಲ... ಇದನ್ನ ಹೇಳಬೇಕು ಅಂತ ಬಂದಿರಲಿಲ್ಲ. ಇರಲಿ.

ಸಹಿ ಹಾಕೋ ಹೊತ್ತಿಗೆ, ಕೋರ್ಟು ನನಗೆ ಅಂತ ಕೊಟ್ಟಿದ್ದ ಮಿಸ್ ವರ್ನಾ ಬಂದವರೇ, "ಪೆನ್ನು ಕೆಳಗಿಡೋ ದಡ್ಡ" ಅಂದ್ರು. ಕೋರ್ಟಲ್ಲಿ ಪೊಲೀಸರದ್ದೇ ಕ್ಯಾಮೆರಾದ ವಿಡಿಯೋ ಹಾಕಿಸಿದ್ರು. "ಸ್ವಾಮಿ, ಚೀಟಿ ಕೊಟ್ರು, ದೀಪದ ಕೆಲಸ ಇಲ್ಲಿಗೆ ಮುಗೀತು. ಆಮೇಲೆ ಹದಿನೇಳು ನಿಮಿಷ ಇವನನ್ನ ಯಾಕೆ ತಡೆದಿಟ್ರು? ಕಾರಣ ಇಲ್ಲದೆ ಹಿಡಿದಿಡೋಕೆ ಸಂವಿಧಾನ ಬಿಡಲ್ಲ."

ಪೊಲೀಸಪ್ಪ ಯೋಚಿಸಿ ಹೇಳಿದ, "ತುಂಬಾ ಮರ್ಯಾದೆ ಕೊಡ್ತಿದ್ದ. ಅನುಮಾನ ಬಂತು."

ನಗ್ತೀರಲ್ಲ, ಅವತ್ತು ಜಡ್ಜೂ ನಕ್ಕುಬಿಟ್ರು. ನನಗೆ ಮಾತ್ರ ಅಪ್ಪ ನೆನಪಾದ. ಆ ತಪಾಸಣೆ ಲೆಕ್ಕಕ್ಕಿಲ್ಲ ಅಂತ ತೀರ್ಪಾಯ್ತು, ಕೇಸು ಬಿದ್ದುಹೋಯ್ತು.

ಹೋದ ತಿಂಗಳು ಮತ್ತೆ ನಿಲ್ಲಿಸಿದ್ರು. ಬೇರೆ ಪೊಲೀಸು. "ಒಳಗೆ ಸ್ವಲ್ಪ ನೋಡ್ಲಾ?" ಅಂದ. ಎರಡೂ ಕೈ ಸ್ಟೀರಿಂಗ್ ಮೇಲೇ ಇತ್ತು. ಐವತ್ತು ವರ್ಷದಲ್ಲಿ ಮೊದಲನೇ ಸಲ, "ಬೇಡ ಸರ್" ಅಂದೆ. ಆತ ನನ್ನ ಮುಖ ನೋಡಿದ. "ಸರಿ, ಹೊರಡಿ" ಅಂದ.

ಪಕ್ಕದ ಸೀಟಲ್ಲಿದ್ದ ಅಮ್ಮ ಕೇಳಿದ್ಳು, "ಇಷ್ಟೇನಾ?"

ಇಷ್ಟೇ, ಮಿಸ್ ವರ್ನಾ. ಬೇಡ ಅನ್ನೋ ಹಕ್ಕು ನನಗೂ ಇದೆ ಅಂತ ತಿಳಿಸಿ, ಇಷ್ಟನ್ನ ಹೇಳೋ ಧೈರ್ಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳೋಣ ಅಂತ ಬಂದೆ. ಕೂತು ಕೇಳಿದ ನಿಮ್ಮೆಲ್ಲರಿಗೂ ನಮಸ್ಕಾರ.