ನಲ್ಲಿ ಬಂದ್ ಮಾಡಿ

...ಅಳ್ತಿಲ್ಲ ಅಂತ ನನಗೇ ಹೇಳ್ತೀಯಾ ಗುಬ್ಬಿ? ಕಣ್ಣು ನೋಡ್ಕೋ ಹೋಗು! ನಿಮ್ಮಮ್ಮ ಹೇಳಿದ್ರು, ಸರಿಯಾಗಿ ಊಟಾನೂ ಮಾಡ್ತಿಲ್ವಂತೆ. ಒಂದು ವಾಟ್ಸಾಪ್ ಸ್ಟಿಕ್ಕರ್‌ಗೋಸ್ಕರ ಸ್ಕೂಲ್ ಬಿಡ್ತಾರೇನೇ?

ಗೊತ್ತು, ಗೊತ್ತು... ಬರೀ ಸ್ಟಿಕ್ಕರ್ ಅಲ್ಲ. ಮ್ಯಾಚ್ ಮುಗಿಸಿ ಬಸ್ಸಲ್ಲಿ ಬರೋವಾಗ ನೀನು ಬಾಯಿ ತೆರ್ಕೊಂಡು ಮಲಗಿರೋ ಫೋಟೋ, ಜೊಲ್ಲು ಬೇರೆ, ಕೆಳಗೆ ‘ನಲ್ಲಿ ಬಂದ್ ಮಾಡಿ’ ಅಂತ. ಕ್ಲಾಸ್ ಗ್ರೂಪಲ್ಲಿ ಗುಡ್ ಮಾರ್ನಿಂಗ್‌ಗೂ ಅದೇ, ಹೋಂವರ್ಕ್ ಏನು ಅಂತ ಕೇಳಿದ್ರೂ ಅದೇ. ನೀನು ನೀರು ಕುಡಿಯೋಕೆ ಹೋದ್ರೆ ‘ನಲ್ಲಿ ಬಂತು, ನಲ್ಲಿ ಬಂತು’ ಅಂತ ಕೂಗಿದ್ರು. ನಾನೂ ಅಲ್ಲೇ ಇದ್ನಲ್ಲ.

ಇಲ್ಲಪ್ಪ, ನಾನು ನಗಲಿಲ್ಲ! ...ಸರಿ, ಸ್ವಲ್ಪ. ಎಲ್ರೂ ನಗ್ತಿದ್ರು ಕಣೇ, ಬಂದ್ಬಿಡ್ತು.

ಆದ್ರೆ ನಿನಗೋಸ್ಕರ ಎಷ್ಟು ಜಗಳ ಆಡಿದೀನಿ ಗೊತ್ತಾ? ಗ್ರೂಪೇ ಬಿಟ್ಟೆ! ...ಹಾಂ, ನೀನು ನಿನ್ನೆ ಹಾಕಿದ್ದು ನೋಡಿದೆ. ಮತ್ತೆ ಸೇರ್ಕೊಂಡಿದ್ದೆ, ಅದಕ್ಕೆ. ‘ಹೌದು, ಇದು ನಾನೇ. ಪೂರ್ತಿ ಮ್ಯಾಚ್ ಆಡಿ ಸುಸ್ತಾಗಿ ಮಲಗಿದ್ದೆ. ಇದರಲ್ಲಿ ನಗೋಕೆ ಏನಿದೆ ಹೇಳಿ’ ಅಂತ... ಅಬ್ಬಾ, ಎಂಥಾ ಧೈರ್ಯ ನಿಂದು! ಎಲ್ರೂ ಗಪ್‌ಚಿಪ್. ಆಮೇಲೆ ಒಬ್ಬೊಬ್ಬರೇ ಸಾರಿ ಹಾಕಿದ್ರು.

ಏನು, ನಾನಾ? ...ನಾನು ಹಾಕೋದೇನಿದೆ?

ಫೋಟೋ ತೆಗೆದಿದ್ದು ಆ ಗೋಲ್‌ಕೀಪರ್ರೇ, ನೋಡ್ತಿರು. ನಮ್ಮ ಹಿಂದಿನ ಸೀಟಲ್ಲೇ ಕೂತಿದ್ಲು. ...ಯಾಕೆ ತಲೆ ಅಲ್ಲಾಡಿಸ್ತೀಯಾ? ಹಿಂದಿನಿಂದ ಮುಖ ಕಾಣಲ್ವಾ? ಹಾಗಾದ್ರೆ ಮುಂದಿನವರು... ಮುಂದೆ ಯಾರೂ ಇರ್ಲಿಲ್ಲ ಅಲ್ವಾ, ನಮ್ದೇ ಮೊದಲನೇ ಸೀಟು...

ಫೋನ್ ಯಾಕೆ ನನ್ನ ಕೈಗೆ ಕೊಡ್ತೀಯಾ? ನೋಡಿದೀನಿ ಬಿಡೇ. ...ಅಷ್ಟು ದೊಡ್ಡದು ಮಾಡಿದ್ರೆ ಬರೀ ನಿನ್ನ ಕೆನ್ನೆ, ಕೆನ್ನೆ ಕೆಳಗೆ ಭುಜ... ನನ್ನ ಭುಜ...

ಗುಬ್ಬಿ.

ಏನಾದ್ರೂ ಅನ್ನೇ. ಬೈಯಿ, ಬೇಕಾದ್ರೆ ಹೊಡಿ. ...ನನ್ನ ಮೇಲೆ ಒರಗಿ ಪಾಪು ಥರ ಮಲಗಿದ್ದೆ, ಮುದ್ದು ಬಂತು, ತೆಗೆದೆ. ಒಬ್ಬಳಿಗೇ ಕಳಿಸಿದ್ದು, ಆಣೆ! ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಕೆಳಗಿನ ಆ ಮಾತು ಮಾತ್ರ ಬೇರೆ ಯಾರೋ...

ಹಾಗೆ ನೋಡ್ಬೇಡ ಕಣೇ.

...ಅದನ್ನ ಬರೆದಿದ್ದೂ ನಾನೇ.