ಎರಡು ಕೆಲಸದ ನಾಯಿ

ರೊಳ್ಳದ ದನದ ಆಸ್ಪತ್ರೆಯಲ್ಲಿ ಮೇಕೆ ಹಿಡಿದು ಕೂತಿದ್ದೆ. ಕದರಮ್ಮ ಕರಿನಾಯಿಯೊಂದನ್ನು ಹುಚ್ಚುನಾಯಿ ಸೂಜಿಗೆ ತಂದಿದ್ದಳು. ಹಳ್ಳದಾಚೆಯ ಪಾಪಣ್ಣ ಅದನ್ನು ಕಂಡು ನಿಂತ.

“ಅಕ್ಕ, ಇದು ನಮ್ಮ ಭೀಮ ಕಣಕ್ಕ. ರಾತ್ರಿ ನಮ್ಮ ಕಡ್ಲೆಕಾಯಿ ಹೊಲಕ್ಕೆ ಹಂದಿ ಬರದಂಗೆ ಕಾಯ್ತೈತೆ.”

“ನಮ್ಮ ರಾಜ ಕಣಪ್ಪ. ಹಗಲೆಲ್ಲ ನಮ್ಮ ಕುರಿ ಕಾಯ್ತೈತೆ.”

“ಅದಕ್ಕೇ ಹಂದಿ ಬಂದಾಗ ಗೊರಕೆ ಹೊಡೀತೈತೆ. ಹಗಲು ಕೆಲಸ ಬಿಡಿಸಕ್ಕ, ನನ್ನ ಬೆಳೆ ಉಳಿಯಲ್ಲ.”

“ರಾತ್ರಿ ಕೆಲಸ ನೀನೇ ಬಿಡಿಸು. ದಿನಾ ಮುದ್ದೆ ಹಾಕೋಳು ನಾನು.”

“ನಾನೂ ಹಾಕ್ತೀನಿ.”

ಇಬ್ಬರೂ ನಾಯಿಯ ಹೊಟ್ಟೆ ನೋಡಿದರು.

ಡಾಕ್ಟರು ಸೂಜಿ ಹಿಡಿದು ಬಂದರು. “ಯಾರ ನಾಯಿ? ಬಾಯಿ ಗಟ್ಟಿಯಾಗಿ ಹಿಡ್ಕಳಿ.”

“ಪಾಪಣ್ಣಂದು ಸಾರ್,” ಅಂದಳು ಕದರಮ್ಮ.

“ಇಲ್ಲ ಸಾರ್, ಅಕ್ಕಂದೇ,” ಅಂದ ಪಾಪಣ್ಣ.

ಹಗ್ಗ ಅವಳ ಕೈಯಿಂದ ಇವನ ಕೈಗೆ ಹೋಗುವಷ್ಟರಲ್ಲಿ ನಾಯಿ ಗೇಟು ದಾಟಿತ್ತು. ಒಬ್ಬರು ರಾಜಾ, ಇನ್ನೊಬ್ಬರು ಭೀಮಾ ಅಂತ ಕೂಗುತ್ತ ಹಿಂದೆ ಓಡಿದರು.