ಸವಳು ಮೂಲೆಗೂ ಚರಗ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಪ್ರಾಚಾರ್ಯರೇ, ಈ ಮುಂಡರಗಿ ಕಾಲೇಜಿನ ಗುರುವೃಂದದವರೇ, ಗದಗಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿರುವ ನನ್ನ ಬಂಧುಗಳೇ, ಊಟದ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ನಿರೂಪಣೆ ಮಾಡುತ್ತಿರುವ ಪ್ರಿಯಾಂಕಾ ಎಂಬ ವಿದ್ಯಾರ್ಥಿನಿ ಈಗಷ್ಟೇ ಒಂದು ಮಾತು ಹೇಳಿದಳು. ಕಾರವಾರದ ಕಡೆ ಕಡಲತೀರದ ಸಸ್ಯಗಳ ಸಂಶೋಧನೆಗೆ ಆಯ್ಕೆಯಾದ ನಮ್ಮ ಹಳೆಯ ವಿದ್ಯಾರ್ಥಿನಿ ಕಾಂಚನಾ ಅವರನ್ನು ತಂದೆ ಅಂದಾನಪ್ಪನವರು ಸಂತೋಷದಿಂದ ಕಳುಹಿಸಿಕೊಡುತ್ತಿದ್ದಾರೆ ಎಂದಳು. ನೀವೂ ಚಪ್ಪಾಳೆ ತಟ್ಟಿದಿರಿ. ಆ ಅಂದಾನಪ್ಪ ನಾನೇ. ಆದರೆ ಸಭಿಕರೇ, ನಾನು ಇನ್ನೂ ಒಪ್ಪಿಗೆ ಕೊಟ್ಟಿಲ್ಲ!

ನಗಬೇಡಿ. ನಾಳೆ ಸಂಜೆಯೊಳಗೆ ಅವಳು ಅಲ್ಲಿಗೆ ಉತ್ತರ ತಿಳಿಸಬೇಕು. ಶಾಲು ಹೊದ್ದು ಕೂತಿದ್ದಾಳೆ ನೋಡಿ, ಈ ಸಭೆಯಲ್ಲಿ ಅವಳೊಬ್ಬಳೇ ನಗುತ್ತಿಲ್ಲ. "ಅಪ್ಪಾ, ನೀ ಒಲ್ಲೆ ಅಂದ್ರ ನಾ ಹೋಗೂದಿಲ್ಲ" ಎಂದು ಹೇಳಿ ಇಡೀ ಭಾರವನ್ನು ನನ್ನ ತಲೆಯ ಮೇಲೆ ಹೊರಿಸಿದ್ದಾಳೆ. ಜಗಳವನ್ನಾದರೂ ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಗದಗಿನಲ್ಲಿ ಕಾಳಿನ ವ್ಯಾಪಾರಿ. ನನ್ನ ಅಂಗೈಯಲ್ಲಿ ಒಂದು ಹಿಡಿ ಕಡಲೆ ಹಾಕಿ, ಲಕ್ಕುಂಡಿಯದೋ ಶಿರಹಟ್ಟಿಯದೋ ಹೇಳುತ್ತೇನೆ. ವರ್ಗೀಕರಣ ಎಂದು ನೀವು ಯಾವುದಕ್ಕೆ ಅನ್ನುತ್ತೀರೋ ಅದನ್ನು ನಾನು ಹಸ್ತದಿಂದಲೇ ಮಾಡುವವನು. ಆ ಸೊಕ್ಕು ನನಗಿತ್ತು. ಈಗಲೂ ಸ್ವಲ್ಪ ಇದೆ.

ಕುರ್ತಕೋಟಿಯಲ್ಲಿ ನಮಗೆ ಕಪ್ಪು ಮಣ್ಣಿನ ಎರೆ ಹೊಲವಿದೆ. ಅದರ ಒಂದು ಮೂಲೆ ಮಾತ್ರ ಸವಳು. ಬೇಸಿಗೆಯಲ್ಲಿ ಉಪ್ಪು ಬೆಳ್ಳಗೆ ಮೇಲೇಳುತ್ತದೆ, ಜೋಳವೂ ಇಲ್ಲ, ಕುಸುಬೆಯೂ ಇಲ್ಲ. ದೂರದಿಂದ ಬಂದ ಅತಿಥಿಗಳಿಗಾಗಿ ಹೇಳುತ್ತೇನೆ, ಎಳ್ಳ ಅಮಾವಾಸ್ಯೆಗೆ ನಾವು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಹಿಡಿದು, ಅದೇ ಅಡುಗೆಯನ್ನು ಹೊಲದ ತುಂಬ ಚೆಲ್ಲುತ್ತೇವೆ. ಇದಕ್ಕೆ ಚರಗ ಎನ್ನುತ್ತಾರೆ. ಆ ಸವಳು ಮೂಲೆಗೆ ಮಾತ್ರ ನನ್ನ ಅಪ್ಪ ಚೆಲ್ಲುತ್ತಿರಲಿಲ್ಲ, ನಾನೂ ಚೆಲ್ಲುತ್ತಿರಲಿಲ್ಲ. ಬೆಳೆಯದ ನೆಲಕ್ಕೆ ಯಾರು ಊಟ ಹಾಕುತ್ತಾರೆ?

ಕಾಂಚನಾ ಚಿಕ್ಕವಳಿದ್ದಾಗ ಒಮ್ಮೆ ಕೇಳಿದಳು. "ಅಪ್ಪಾ, ಅಲ್ಲಿ ಯಾಕ ಚೆಲ್ಲಲಿಲ್ಲ?"

"ಅಲ್ಲಿ ಏನೂ ಬೆಳಿಯಂಗಿಲ್ಲವಾ."

"ಬೆಳದೈತೆಲ್ಲ!" ಎಂದು ಓಡಿಹೋಗಿ ಕೆಂಪು ದಂಟಿನ, ದಪ್ಪ ಎಲೆಯ ಒಂದು ಗಿಡ ಕಿತ್ತು ತಂದಳು. ಎಲೆ ಕಚ್ಚಿದರೆ ಉಪ್ಪುಪ್ಪು.

"ಅದು ಕಸಾ, ಒಗಿ ಅತ್ತಾಗ" ಎಂದೆ.

ಅವಳು ಒಗೆಯಲಿಲ್ಲ. ಮುಂದೆ ಇದೇ ಕಾಲೇಜಿಗೆ ಬಂದು ಸಸ್ಯಶಾಸ್ತ್ರ ಓದಿದಳು. ಒಂದು ದಿನ ಮನೆಗೆ ಬಂದವಳೇ, "ಅಪ್ಪಾ, ನಮ್ಮ ಶಾಸ್ತ್ರದಾಗ ಕಸಾ ಅಂತ ಕುಟುಂಬನ ಇಲ್ಲ" ಎಂದು ಘೋಷಿಸಿದಳು. ಆ ಗಿಡದ ಬಳಗದವರೆಲ್ಲ ಸಮುದ್ರದ ದಂಡೆಯಲ್ಲಿ ಇದ್ದಾರಂತೆ. ಕುರ್ತಕೋಟಿಯ ಕಸಕ್ಕೆ ಕಾರವಾರದಲ್ಲಿ ನೆಂಟರು! ನಾನು ನಕ್ಕುಬಿಟ್ಟೆ. ಆ ನೆಂಟರು ನನ್ನ ಮಗಳನ್ನೇ ಕರೆದುಕೊಂಡು ಹೋಗುತ್ತಾರೆಂದು ಆಗ ನನಗೇನು ಗೊತ್ತು?

ಖರೆ ಹೇಳುತ್ತೇನೆ, ನನಗೆ ಸಮುದ್ರ ಎಂದರೆ ಹೆದರಿಕೆ. ನನಗೆ ಈಜು ಬರುವುದಿಲ್ಲ, ಅವಳಿಗೂ ಬರುವುದಿಲ್ಲ. ನಮ್ಮ ಕಡೆ ನೀರು ಕರೆದರೂ ಬರುವುದಿಲ್ಲ. ಅಲ್ಲಿ ಕರೆಯದೆಯೇ ದಿನಕ್ಕೆರಡು ಸಲ ಬರುತ್ತದೆ. ಅಂಥ ನೀರನ್ನು ನಂಬುವುದು ಹೇಗೆ?

ದೀಪಾವಳಿ ಮುಗಿದ ಮೇಲೆ ಅವಳ ಜೊತೆ ಕಾರವಾರದ ಆ ಜಾಗ ನೋಡಲು ಹೋದೆ. ಬೇಡ ಎನ್ನಲು ಒಂದು ಒಳ್ಳೆಯ ಕಾರಣ ಹುಡುಕಿಕೊಂಡೇ ಹೋದೆ. ಹೊಳೆ ಸಮುದ್ರ ಸೇರುವ ಕಡೆ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಮರಗಳ ಕಾಡು. ನೀರು ಇಳಿದಿತ್ತು. ಉಸಿರಾಡಲೆಂದು ಬೇರುಗಳು ಕೆಸರಿನಿಂದ ಮೇಲೆದ್ದು ನಿಂತಿದ್ದವು. "ದಂಡಿ ಬಿಟ್ಟು ಇಳಿಬ್ಯಾಡ" ಎಂದಳು. ಎರೆ ಮಣ್ಣಿನಲ್ಲಿ ಹುಟ್ಟಿ ಬೆಳೆದವನಿಗೆ ಕೆಸರಿನ ಪಾಠವೇ? ಪಂಚೆ ಎತ್ತಿಕಟ್ಟಿ ಇಳಿದೇಬಿಟ್ಟೆ. ನಮ್ಮ ಹೊಲದಲ್ಲಿ ಒಂದು ಕಾಲು ಹೂತರೆ ಇನ್ನೊಂದನ್ನು ಒತ್ತಿ ಅದನ್ನು ಎಬ್ಬಿಸುತ್ತೇವೆ, ಕೆಳಗೆ ಗಟ್ಟಿ ನೆಲ ಸಿಗುತ್ತದೆ. ಅಲ್ಲಿಯೂ ಒತ್ತಿದೆ. ಸಿಗಲಿಲ್ಲ. ಮತ್ತೆ ಒತ್ತಿದೆ. ತೊಡೆಯವರೆಗೆ ಹೋದೆ. ಅಷ್ಟರಲ್ಲಿ ಇಳಿದಿದ್ದ ನೀರು ತಿರುಗಿ ಏರತೊಡಗಿತು.

ಸಭಿಕರೇ, ನಾನು ಮನೆದೇವರನ್ನು ಕೂಗಿದೆ. ಕಾಂಚನಾ ಕೂಗಲಿಲ್ಲ. "ಅಪ್ಪಾ, ಒತ್ತಬ್ಯಾಡ. ಹಿಂದಕ್ಕ ಒರಗು, ಕುಂಡ್ರು" ಎಂದಳು. ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಕೆಸರಿನ ಮೇಲೆ ಕೂತೆ. ಅವಳೂ ಪಕ್ಕದಲ್ಲೇ ಮಲಗಿ, ಕೈಯಿಂದ ಕೆಸರು ಬಗೆದು ನನ್ನ ಕಾಲು ಬಿಡಿಸಿದಳು. ಒಂದು ಚಪ್ಪಲಿ ಕಾರವಾರಕ್ಕೆ ಕಾಣಿಕೆಯಾಯಿತು.

ಹಿಂದೆ ನೀರು ಏರುತ್ತಿತ್ತು, ಓಡಬೇಕೆಂದೆ. ಅವಳು ನೀರು ನೋಡಲಿಲ್ಲ, ಗಿಡಗಳನ್ನು ನೋಡಿದಳು. "ಈ ಗಿಡಕ್ಕ ದಿನಾ ನೀರು ಬರ್ತೈತಿ, ಇಲ್ಲಿ ನಿಂದ್ರೂದು ಬ್ಯಾಡ. ಅಕಾ ಅಲ್ಲಿ ಕೆಂಪು ಕಾಣ್ತದಲ್ಲ, ಅಲ್ಲಿಗೆ ಅಮಾಸಿ-ಹುಣ್ಣಿವಿಗಷ್ಟ ಬರ್ತೈತಿ. ಇವತ್ತು ಎರಡೂ ಅಲ್ಲ. ನಡಿ." ಹೋಗಿ ಕುಳಿತೆ. ಕೆಳಗೆ ನೋಡಿದೆ. ಕೆಂಪು ದಂಟು, ದಪ್ಪ ಎಲೆ. ಕಚ್ಚಿದೆ. ಉಪ್ಪುಪ್ಪು. ನಮ್ಮ ಮೂಲೆಯ ಕಸದ ಬಳಗ!

ನೀರು ನಮ್ಮ ಕಾಲಿನ ಹತ್ತಿರದವರೆಗೆ ಬಂದು ನಿಂತಿತು. "ನೀ ಎಲ್ಲಾದಕ್ಕೂ ಕೆಸರು ಅಂತ ಒಂದ ಹೆಸರಿಟ್ಟಿ, ಅಪ್ಪಾ. ಇದರ ಜಾತಿನ ಬ್ಯಾರೆ" ಎಂದಳು. ಕಡಲೆಯ ಊರು ಹೇಳುವ ಅಂದಾನಪ್ಪ ಇನ್ನೊಂದು ಎಲೆ ಕಿತ್ತು ಜೇಬಿಗೆ ಹಾಕಿಕೊಂಡ.

ಕಾಂಡ್ಲಾ ಬೀಜ ತಾಯಿಮರದ ಕೊಂಬೆಯಲ್ಲೇ ಮೊಳೆತು, ಆಮೇಲೆ ಕಳಚಿ ಬಿದ್ದು ತನ್ನ ಪಾಡಿಗೆ ಬೇರೂರುತ್ತದೆಂದು ಪ್ರಾಚಾರ್ಯರು ಆಗಲೇ ತಮ್ಮ ಭಾಷಣದಲ್ಲಿ ನನ್ನನ್ನೇ ನೋಡುತ್ತ ಹೇಳಿದರು. ಬಹಳ ಚೆನ್ನಾಗಿತ್ತು ಸರ್. ಆದರೆ ಆ ಮರಕ್ಕೆ ರಾತ್ರಿ ನಿದ್ದೆ ಕೆಡುವುದಿಲ್ಲ. ನನಗೆ ಕೆಡುತ್ತದೆ.

ಮೊನ್ನೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದೆವು. ಚರಗ ಚೆಲ್ಲುತ್ತ ಆ ಮೂಲೆಗೆ ಬಂದವನು ನಿಂತುಬಿಟ್ಟೆ. ನನ್ನ ಹೆಂಡತಿ ಶಾರದವ್ವ ಹಿಂದಿನಿಂದ, "ನಿಂತ್ರ್ಯಾಕ? ಚೆಲ್ರಿ" ಎಂದಳು. ಚೆಲ್ಲಿದೆ. ಕಡುಬು, ಬದನೆಕಾಯಿ ಪಲ್ಯ, ಎಲ್ಲವೂ ಆ ಕೆಂಪು ಗಿಡಗಳ ಮೇಲೆ ಬಿದ್ದವು. ಭರವಸೆ ಇರುವ ನೆಲಕ್ಕಷ್ಟೇ ನಾವು ಚರಗ ಚೆಲ್ಲುತ್ತೇವೆ, ಅಲ್ಲವೇ? ಕೈ ಅಂದೇ ಒಪ್ಪಿತ್ತು. ಬಾಯಿ ಇವತ್ತು ಒಪ್ಪುತ್ತಿದೆ.

ಕಾಂಚನಾ, ಹೋಗಿ ಬಾರವ್ವಾ. ನೀರು ಏರೂದರೊಳಗ ಕೆಂಪು ಗಿಡದ ಹಂತ್ಯಾಕ ಬಂದು ನಿಂತು ನನಗ ಫೋನ್ ಹಚ್ಚು. ದಿನಾ ಹಚ್ಚು.

ಪ್ರಿಯಾಂಕಾ, ನಿನ್ನ ಮಾತು ಹಾಗೆಯೇ ಇರಲಿ ತಾಯಿ. ಸಂತೋಷದಿಂದ ಎಂದೆಯಲ್ಲ, ಅದರ ಪಕ್ಕದಲ್ಲಿ ಹೆದರುತ್ತ ಎಂದೂ ಸೇರಿಸಿಕೊ. ನನ್ನ ಮಗಳಿಗೆ ಕಸದ ಹೆಸರು ಕಲಿಸಿದ ಈ ಕಾಲೇಜಿಗೆ, ಇಷ್ಟು ಹೊತ್ತು ಊಟ ಆರಲು ಬಿಟ್ಟ ನಿಮಗೆ, ಅಗೋ ಈಗ ನಗುತ್ತಿರುವ ಅವಳಿಗೆ, ಎಲ್ಲರಿಗೂ ನಾನು ಋಣಿ. ನಮಸ್ಕಾರ.